ಕಡಲ ಸ್ನಾನಕ್ಕೆ ಪಾದರಕ್ಷೆ ಬೇಕೆ?

(ಮುಂಬಯಿಯ ಕನ್ನಡ ಸಂಘವೊಂದರ ಆರೋಗ್ಯ ಉಪನ್ಯಾಸಮಾಲೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಪಠ್ಯ)



ಇಂದಿನ ಉಪನ್ಯಾಸದ ವಿಷಯವನ್ನು ಕಾರ್ಯದರ್ಶಿಗಳು ಪ್ರಕಟಿಸಿದಾಗ ನಿಮ್ಮಲ್ಲಿ ಕೆಲವರು ಮುಗುಳ್ನಕ್ಕುದನ್ನು ನಾನು ಗಮನಿಸಿದೆನು. ಹೃದ್ರೋಗ, ರಕ್ತದೊತ್ತಡ, ಮಲೇರಿಯಾಗಳಂತಹ ಗಂಭೀರ ವಿಷಯಗಳು ಇರುವಾಗ ಸಮುದ್ರದಲ್ಲಿ ಈಜುವಾಗ ಕಾಲಿಗೆ ಏನನ್ನಾದರೂ ತೊಡಬೇಕೆ ಎಂಬುದೂ ಒಂದು ಪ್ರಶ್ನೆಯೆ ಎಂದು ನಿಮಗೆ ಅನ್ನಿಸಿರಬಹುದು. ಕೆಲವು ವರ್ಷಗಳ ಹಿಂದೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಆ ಅಭಿಪ್ರಾಯವನ್ನು ನಾನು ಬದಲಿಸಿಕೊಳ್ಳಬೇಕಾಗಿ ಬಂದ ಸಂದರ್ಭವನ್ನು ಮೊದಲು ನಿಮ್ಮ ಮುಂದಿಡುತ್ತೇನೆ.

ಒಂದು ಮೇ ತಿಂಗಳಿನಲ್ಲಿ ನಮ್ಮ ಕುಟುಂಬದವರೆಲ್ಲರೂ ಗೋಕರ್ಣಕ್ಕೆ ಹೋಗಿದ್ದೆವು. ಸಮುದ್ರ ಸ್ನಾನ ಮಾಡಿ, ಬಳಿಕ ಮಹಾಬಲೇಶ್ವರನ ದರ್ಶನ ಪಡೆಯುವುದು ಅಲ್ಲಿನ ಪದ್ಧತಿ. ನನ್ನ ಅಕ್ಕನ ಗಂಡ, ನನ್ನ ಭಾವನವರು, ಹದಿನೈದು ವರ್ಷಗಳಿಂದ ಮಧುಮೇಹಿಗಳು. ಮಧ್ಯಾಹ್ನದ ಬಿಸಿಲಿನಲ್ಲಿ ಮರಳಿನ ಮೇಲೆ ಕಾಲಿಡುವ ಮುನ್ನ ಅವರು ನನ್ನನ್ನು, "ಚಪ್ಪಲಿ ಹಾಕಿಕೊಂಡೇ ನೀರಿನವರೆಗೆ ಹೋಗಲೇನಯ್ಯ?" ಎಂದು ಕೇಳಿದರು. ನಾನು ಸ್ವಲ್ಪವೂ ಯೋಚಿಸದೆ, "ತೀರ್ಥಸ್ನಾನಕ್ಕೆ ಚಪ್ಪಲಿ ಏಕೆ ಭಾವ? ನಾಲ್ಕು ಹೆಜ್ಜೆಯಲ್ಲವೆ?" ಎಂದುಬಿಟ್ಟೆ. ಸ್ನಾನ, ದರ್ಶನ, ಊಟ ಎಲ್ಲವೂ ಸಾಂಗವಾಗಿ ನೆರವೇರಿದವು. ಸಂಜೆ ವಸತಿಗೃಹದ ನೆಲದ ಮೇಲೆ ರಕ್ತದ ಗುರುತುಗಳನ್ನು ಅಕ್ಕ ಕಂಡಳು. ಭಾವನವರ ಅಂಗಾಲಿನಲ್ಲಿ ಬೊಬ್ಬೆಗಳೆದ್ದು ಒಡೆದಿದ್ದವು. ಹೆಬ್ಬೆರಳಿನ ಬುಡದಲ್ಲಿ ಚಿಪ್ಪಿನ ಚೂರೊಂದು ಆಳವಾಗಿ ಹೊಕ್ಕಿತ್ತು. ಅವರಿಗೆ ಒಂದಿಷ್ಟೂ ನೋವಿನ ಅರಿವಿರಲಿಲ್ಲ. ಆ ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಹೆಬ್ಬೆರಳು ಉಳಿಯಲಿಲ್ಲ.

ಅವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ವೈದ್ಯನಾದ ನಾನು ತಪ್ಪು ಉತ್ತರವನ್ನು ಕೊಟ್ಟಿದ್ದೆ. ಆದುದರಿಂದ ಇಂದು ಆ ಪ್ರಶ್ನೆಗೆ ಸರಿಯಾದ ಉತ್ತರವೇನೆಂಬುದನ್ನು ನಿಮ್ಮೊಡನೆ ವಿಚಾರ ಮಾಡಲು ಬಯಸುತ್ತೇನೆ.

ಯಾರಿಗಾಗಿ ಈ ಮಾತು?

ನಮ್ಮ ದೇಶದ ಕರಾವಳಿಯ ಉದ್ದ 7,516 ಕಿಲೋಮೀಟರ್ ಎಂದು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೆವು. ಇತ್ತೀಚಿನ ಮರುಗಣನೆಯಲ್ಲಿ ತೀರದ ಅಂಕುಡೊಂಕುಗಳನ್ನು ಹೆಚ್ಚು ಸೂಕ್ಷ್ಮವಾಗಿ ಅಳೆದುದರಿಂದ ಅದು 11,098 ಕಿಲೋಮೀಟರಿಗೂ ಮಿಕ್ಕಿದೆ. ಇಷ್ಟು ದೀರ್ಘವಾದ ತೀರದಲ್ಲಿ ಬಾಳುವ ಮೀನುಗಾರರಿಗೆ ನನ್ನ ಉಪದೇಶ ಬೇಕಿಲ್ಲ. ಬಾಲ್ಯದಿಂದ ಬರಿಗಾಲಿನಲ್ಲಿ ನಡೆದ ಅವರ ಅಂಗಾಲು ದಪ್ಪವಾಗಿರುತ್ತದೆ. ಅದಕ್ಕಿಂತ ಮಿಗಿಲಾಗಿ, ಎಲ್ಲಿ ಕಾಲಿಡಬಾರದೆಂಬುದು ಅವರಿಗೆ ತಿಳಿದಿರುತ್ತದೆ. ನನ್ನ ಮಾತು ಇರುವುದು ನಮ್ಮಂತಹವರಿಗೆ. ಪುಣೆ, ಹೈದರಾಬಾದು, ದೆಹಲಿಗಳ ಕನ್ನಡಿಗರು ವರ್ಷಕ್ಕೊಮ್ಮೆ ರಜೆಯಲ್ಲಿ ಮಲ್ಪೆಗೋ ಮುರುಡೇಶ್ವರಕ್ಕೋ ಗೋವೆಗೋ ಹೋಗುತ್ತಾರೆ. ಮುಂಬಯಿ, ಚೆನ್ನೈಗಳಲ್ಲಿ ಇರುವವರು ಸಮುದ್ರದ ಪಕ್ಕದಲ್ಲಿಯೇ ಇದ್ದರೂ ವರ್ಷದ ಮುನ್ನೂರು ದಿನ ಬೂಟುಗಾಲಿನಲ್ಲಿಯೇ ಕಳೆಯುತ್ತಾರೆ. ಮೃದುವಾದ ಪಾದ, ಅಪರಿಚಿತವಾದ ನೆಲ, ಎರಡು ದಿನಗಳ ಉತ್ಸಾಹ – ಈ ಮೂರೂ ಕೂಡಿದಲ್ಲಿ ಅಪಾಯ ಹೆಚ್ಚು.

ನೀರಿನಡಿಯಲ್ಲಿ ಏನಿದೆ?

ನೀರಿನ ಮೇಲ್ಮೈ ಎಲ್ಲ ಕಡೆಯೂ ಒಂದೇ ಬಗೆಯಾಗಿ ಕಾಣುತ್ತದೆ, ತಳ ಹಾಗಲ್ಲ. ಜುಹೂವಿನಂತಹ ಮರಳು ತೀರದಲ್ಲಿ ಕಾಲಿಗೆ ತಾಗುವುದು ಬಹುಮಟ್ಟಿಗೆ ಮನುಷ್ಯರೇ ಎಸೆದ ವಸ್ತು: ಒಡೆದ ಗಾಜು, ತಗಡಿನ ಮುಚ್ಚಳ, ಮೊಳೆ, ಹರಿದ ಬಲೆ, ವಿಸರ್ಜಿತ ಮೂರ್ತಿಗಳೊಳಗಿನ ತಂತಿ ಮತ್ತು ಸರಳು. ಮುಂಬಯಿಯ ವರ್ಸೋವಾ ತೀರದಲ್ಲಿ 2015ರ ಅಕ್ಟೋಬರಿನಲ್ಲಿ ವಕೀಲರಾದ ಅಫ್ರೋಜ್ ಶಾ ಅವರು ಕಸ ತೆಗೆಯುವ ಕಾರ್ಯವನ್ನು ಆರಂಭಿಸಿದರು. ಸಾವಿರಾರು ಸ್ವಯಂಸೇವಕರು ಅವರೊಡನೆ ಕೈಜೋಡಿಸಿದರು. ಅಲ್ಲಿ ಹೊರತೆಗೆದ ಕಸದ ರಾಶಿಗಳನ್ನು ಕಂಡವರಿಗೆ, ನಗರದ ಕಡಲಿನಲ್ಲಿ ಬರಿಗಾಲು ಎಷ್ಟು ಸುರಕ್ಷಿತ ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಾಗುವುದಿಲ್ಲ.

ಕಲ್ಲುತೀರದ ಕತೆ ಬೇರೆ. ಇಳಿತದ ವೇಳೆಯಲ್ಲಿ ಅಲಿಬಾಗಿನ ಕುಲಾಬಾ ಕೋಟೆಗೆ ನಡೆದುಹೋಗುವವರು, ಮಲ್ಪೆಯ ಎದುರಿಗಿರುವ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳ ನಡುವೆ ಓಡಾಡುವವರು ಇದನ್ನು ಬಲ್ಲರು. ಬಂಡೆಗೆ ಕಚ್ಚಿಕೊಂಡಿರುವ ಸಿಂಪಿಯ ಅಂಚು ಕ್ಷೌರದ ಬ್ಲೇಡಿನಂತೆ ಹರಿತ. ಅದರ ಪಕ್ಕದಲ್ಲಿಯೇ ಹಸಿರು ಪಾಚಿ ಬೆಳೆದಿರುತ್ತದೆ. ಪಾಚಿಯ ಮೇಲೆ ಜಾರಿದವನು ಆಸರೆಗೆ ಹಿಡಿಯುವುದು ಸಿಂಪಿ ಕವಿದ ಬಂಡೆಯನ್ನು. ಕಾಲಿನೊಡನೆ ಕೈಯೂ ಗಾಯಗೊಳ್ಳುತ್ತದೆ. ಮೈತುಂಬ ಮುಳ್ಳುಗಳಿರುವ, ಚೆಂಡಿನಾಕಾರದ ಸೀ ಅರ್ಚಿನ್ ಎಂಬ ಜೀವಿ ಬಂಡೆಯ ಸಂದುಗಳಲ್ಲಿ ಕುಳಿತಿರುತ್ತದೆ. ಅದರ ಮುಳ್ಳು ಪಾದಕ್ಕೆ ನಾಟಿದರೆ ಒಳಗೇ ಮುರಿದುಕೊಳ್ಳುತ್ತದೆ.

ಮೂರನೆಯದು ತೊರಕೆ ಮೀನು. ತಟ್ಟೆಯಂತೆ ಚಪ್ಪಟೆಯಾಗಿರುವ ಈ ಮೀನು ಆಳವಿಲ್ಲದ ನೀರಿನಲ್ಲಿ ಮೈಮೇಲೆ ಮರಳನ್ನು ಎಳೆದುಕೊಂಡು ಮಲಗಿರುತ್ತದೆ. ಮನುಷ್ಯನನ್ನು ಅರಸಿ ಬಂದು ಅದು ಕುಟುಕುವುದಿಲ್ಲ. ಅದರ ಮೇಲೆ ಕಾಲಿಟ್ಟಾಗ ಪ್ರಾಣಭಯದಿಂದ ಬಾಲವನ್ನು ಬೀಸುತ್ತದೆ. ಬಾಲದಲ್ಲಿರುವ ಗರಗಸದಂತಹ ವಿಷದ ಮುಳ್ಳು ಹರಡಿಗೋ ಪಾದಕ್ಕೋ ನಾಟುತ್ತದೆ. 2013ರ ಸೆಪ್ಟೆಂಬರಿನಲ್ಲಿ, ಒಂದೂವರೆ ದಿನದ ಗಣಪತಿಗಳ ವಿಸರ್ಜನೆಯ ಸಂಜೆ, ನಮ್ಮ ಗಿರ್ಗಾಂವ್ ಚೌಪಾಟಿಯಲ್ಲಿ ಹೀಗೆ ಕುಟುಕಿಸಿಕೊಂಡು ಹಲವು ಹತ್ತು ಮಂದಿ ಭಕ್ತರು ಆಸ್ಪತ್ರೆಗೆ ಹೋಗಬೇಕಾಯಿತು. ಅಂದಿನಿಂದ ವಿಸರ್ಜನೆಯ ದಿನಗಳಲ್ಲಿ ಬರಿಗಾಲಿನಲ್ಲಿ ನೀರಿಗೆ ಇಳಿಯಬಾರದು, ಗಂಬೂಟುಗಳನ್ನು ಧರಿಸಬೇಕು ಎಂಬ ಸೂಚನೆಗಳನ್ನು ನಾವು ಕೇಳುತ್ತ ಬಂದಿದ್ದೇವೆ.

ನಾಲ್ಕನೆಯದಾಗಿ ಲೋಳೆಮೀನು, ಅಂದರೆ ಜೆಲ್ಲಿ ಮೀನು. ಇದರ ಬಂಧುವೆನ್ನಬಹುದಾದ 'ನೀಲಿ ಬಾಟಲಿ' ಎಂಬ ಜೀವಿ ಮಳೆಗಾಲದ ಗಾಳಿಗೆ ಸಿಕ್ಕಿ ಮುಂಬಯಿಯ ತೀರಕ್ಕೆ ಬಂದು ಬೀಳುವುದುಂಟು. 2018ರ ಆಗಸ್ಟಿನಲ್ಲಿ ಜುಹೂ ಮೊದಲಾದೆಡೆಗಳಲ್ಲಿ ಇದು ಬಹಳ ಸುದ್ದಿಯಾಯಿತು. ಮರಳಿನ ಮೇಲೆ ಸತ್ತು ಬಿದ್ದಿರುವ ನೀಲಿ ಬಾಟಲಿಯ ಎಳೆಗಳಿಗೂ ಕುಟುಕುವ ಶಕ್ತಿ ಇರುತ್ತದೆ. ನೋಡಲು ಸುಂದರವಾದ ನೀಲಿ ಬುಗ್ಗೆಯೆಂದು ಮಕ್ಕಳು ಅದನ್ನು ಮುಟ್ಟದಂತೆ, ತುಳಿಯದಂತೆ ನೋಡಿಕೊಳ್ಳಬೇಕು.

ಮಧುಮೇಹಿಗಳಿಗೆ ಒಂದು ವಿಶೇಷ ಮಾತು

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ಈ ಸಭೆಯಲ್ಲಿಯೂ ಅಂತಹವರು ಅನೇಕರು ಇರಬಹುದು. ಸಕ್ಕರೆಯ ಅಂಶ ಬಹುಕಾಲ ಹತೋಟಿ ಮೀರಿದ್ದರೆ ಪಾದದ ನರಗಳು ಸ್ಪರ್ಶವನ್ನು ಕಳೆದುಕೊಳ್ಳುತ್ತವೆ, ರಕ್ತಸಂಚಾರವೂ ಕುಗ್ಗುತ್ತದೆ. ನೋವು ದೇಹದ ಕಾವಲುಗಾರ. ಆ ಕಾವಲುಗಾರ ನಿದ್ರಿಸಿದಾಗ ಸುಡುವ ಮರಳೂ ತಂಪಾಗಿಯೇ ತೋರುತ್ತದೆ, ಹೊಕ್ಕ ಚಿಪ್ಪೂ ತಿಳಿಯುವುದಿಲ್ಲ. ನನ್ನ ಭಾವನವರಿಗೆ ಆದುದು ಇದೇ.

ಇದರೊಡನೆ ಇನ್ನೊಂದು ಅಂಶವನ್ನೂ ಗಮನಿಸಬೇಕು. ಬೆಚ್ಚಗಿನ ಉಪ್ಪುನೀರಿನಲ್ಲಿ, ವಿಶೇಷವಾಗಿ ಅಳಿವೆಗಳ ಬಳಿ, ವಿಬ್ರಿಯೋ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಆರೋಗ್ಯವಂತರಲ್ಲಿ ಇವು ತೊಂದರೆ ಕೊಡುವುದು ಅಪರೂಪ. ಆದರೆ ಪಿತ್ತಜನಕಾಂಗದ ಕಾಯಿಲೆಯವರಲ್ಲಿ, ಮಧುಮೇಹಿಗಳಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಚಿಕ್ಕ ಗಾಯದ ಮೂಲಕ ಒಳಹೊಕ್ಕು ಒಂದೆರಡು ದಿನಗಳಲ್ಲಿಯೇ ಪ್ರಾಣಾಪಾಯವನ್ನು ತಂದೊಡ್ಡಬಲ್ಲವು. ಆದುದರಿಂದ ಮಧುಮೇಹಿಗಳು ಮರಳಿನ ಮೇಲಾಗಲಿ ನೀರಿನಲ್ಲಾಗಲಿ ಬರಿಗಾಲಿನಲ್ಲಿ ನಡೆಯಲೇಬಾರದು. ಕಾಲಿನಲ್ಲಿ ಈಗಾಗಲೇ ಹುಣ್ಣು ಇದ್ದರೆ ನೀರಿಗೆ ಇಳಿಯುವುದನ್ನೇ ಬಿಡಬೇಕು. ಹಿಂದಿರುಗಿದ ಮೇಲೆ ಬೆರಳಿನ ಸಂದುಗಳನ್ನೂ ಅಂಗಾಲನ್ನೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಬಗ್ಗಲಾರದವರು ಮನೆಯವರ ಸಹಾಯವನ್ನೋ ಕನ್ನಡಿಯ ಸಹಾಯವನ್ನೋ ಪಡೆಯಬಹುದು.

ಹಾಗಾದರೆ ಈಜುವಾಗಲೂ ತೊಡಬೇಕೆ?

ಈಗ ಮೂಲ ಪ್ರಶ್ನೆಗೆ ಬರೋಣ. ಪಾದರಕ್ಷೆ ಬೇಕಾಗುವುದು ನೆಲಕ್ಕಾಗಿ, ನೀರಿಗಾಗಿ ಅಲ್ಲ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದುದೆಲ್ಲವೂ ತಾನಾಗಿಯೇ ಸ್ಪಷ್ಟವಾಗುತ್ತದೆ. ಮೊಣಕಾಲು ಅಥವಾ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲುವ, ನಡೆಯುವ, ಅಲೆಗಳೊಡನೆ ಆಡುವ ಬಹುಪಾಲು ಜನರಿಗೆ ಪಾದರಕ್ಷೆ ಹಿತಕರ. ಕಾಲು ನೆಲಕ್ಕೆ ತಾಗದ ಆಳದಲ್ಲಿ ಈಜುವ ನುರಿತ ಈಜುಗಾರರಿಗೆ ಅದು ಹೊರೆ. ಕಾಲು ಬಡಿಯುವ ವೇಗವನ್ನು ಕುಗ್ಗಿಸುತ್ತದೆ, ಬೇಗ ದಣಿಸುತ್ತದೆ. ಆದರೆ ಆಳಕ್ಕೆ ಹೋಗುವವರೂ ನೆಲವನ್ನು ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಕಲ್ಲುತೀರವಾಗಿದ್ದರೆ ಪಾದಕ್ಕೆ ಬಿಗಿಯಾಗಿ ಕೂರುವ ಹಗುರವಾದ ವಾಟರ್ ಷೂಗಳನ್ನು ತೊಟ್ಟೇ ಈಜುವುದು ಲೇಸು. ಸ್ವಚ್ಛವಾದ ಮರಳು ತೀರದಲ್ಲಿ, ಜೀವರಕ್ಷಕರ ಕಣ್ಣೆದುರಿಗೆ ಈಜುವ ಆರೋಗ್ಯವಂತರು ಬರಿಗಾಲಿನಲ್ಲಿ ಈಜಿದರೆ ಆಕ್ಷೇಪಿಸಬೇಕಾದುದಿಲ್ಲ.

ಯಾವ ಪಾದರಕ್ಷೆ ಎಂಬುದೂ ಮುಖ್ಯ. ಹವಾಯಿ ಚಪ್ಪಲಿ ನೀರಿಗೆ ತಕ್ಕುದಲ್ಲ. ಮೊದಲ ಅಲೆಗೇ ಅದು ಕಾಲಿನಿಂದ ಕಳಚಿಕೊಳ್ಳುತ್ತದೆ. ತೇಲಿಹೋಗುವ ಚಪ್ಪಲಿಯನ್ನು ಹಿಡಿಯಲು ಮಗುವೊಂದು ಎರಡು ಹೆಜ್ಜೆ ಮುಂದಿಟ್ಟರೆ ಅದೇ ಅಪಾಯ. ಚಪ್ಪಲಿ ಹೋದರೆ ಹೋಗಲಿ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ. ಗಂಬೂಟು ಪಾದ ಮುಳುಗುವಷ್ಟು ನೀರಿಗೆ ಮಾತ್ರ. ಅದರ ಅಂಚನ್ನು ಮೀರಿ ನೀರು ಒಳಗೆ ತುಂಬಿಕೊಂಡರೆ ಕಾಲೆತ್ತುವುದೇ ಕಷ್ಟ. ಅದನ್ನು ತೊಟ್ಟು ಈಜುವ ಮಾತಂತೂ ಇಲ್ಲ. ಬೆರಳುಗಳನ್ನು ಮುಚ್ಚುವ, ಹಿಮ್ಮಡಿಯನ್ನು ಹಿಡಿದಿಡುವ, ಜಾರದ ರಬ್ಬರು ಅಡಿಯುಳ್ಳ, ಒಳಹೊಕ್ಕ ನೀರು ಹೊರಹರಿಯುವಂತಹ ಷೂಗಳನ್ನು ಆರಿಸಿಕೊಳ್ಳಬೇಕು. ಅವು ದೊರೆಯದಿದ್ದರೆ ಹಳೆಯ ಕ್ಯಾನ್‌ವಾಸ್ ಬೂಟುಗಳೂ ಕಲ್ಲುತೀರದಲ್ಲಿ ನಡೆಯಲು ಸಾಕು. ಹೊಸ ಷೂಗಳನ್ನು ಮನೆಯಲ್ಲಿ ಒಂದೆರಡು ದಿನ ತೊಟ್ಟು, ಎಲ್ಲಿಯೂ ಉಜ್ಜುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸ್ನಾನದ ಬಳಿಕ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು.

ಪಾದರಕ್ಷೆಯ ಮಿತಿಯನ್ನೂ ಅರಿತಿರಬೇಕು. ತೊರಕೆಯ ಮುಳ್ಳು ತೆಳುವಾದ ಷೂಗಳನ್ನು ತೂರಿಕೊಂಡು ಹೋಗಬಲ್ಲದು. ಹರಡಿಯನ್ನಂತೂ ಅವು ಮುಚ್ಚುವುದಿಲ್ಲ. ಅದಕ್ಕೆ ನಮ್ಮ ಕರಾವಳಿಯ ಹಿರಿಯರ ಉಪಾಯವೇ ಸರಿಯಾದುದು. ನಾನು ಚಿಕ್ಕವನಿದ್ದಾಗ ಹೊನ್ನಾವರದ ಕಡೆಯ ಮೀನುಗಾರ ಅಜ್ಜನೊಬ್ಬನು, "ತಮಾ, ಕಾಲು ಎತ್ತಿ ಇಡಬೇಡ, ಎಳ್ಕಂಡು ನಡಿ" ಎಂದು ಹೇಳಿದ್ದನು. ಪಾದವನ್ನು ಮರಳಿನ ಮೇಲೆ ಸರಿಸುತ್ತ ನಡೆದರೆ ಅದರ ಅದುರಿಗೆ ತೊರಕೆ ಎಚ್ಚೆತ್ತು ತಾನಾಗಿಯೇ ದೂರ ಸರಿಯುತ್ತದೆ. ಇಂದು ಲೋಕದ ನಾನಾ ಭಾಗಗಳ ಕಡಲ ರಕ್ಷಣಾ ಸಂಸ್ಥೆಗಳು ಕೊಡುವ ಸಲಹೆಯೂ ಇದೇ ಆಗಿದೆ.

ಇನ್ನು, ಯಾವ ಪಾದರಕ್ಷೆಯೂ ಮುಳುಗುವವರನ್ನು ಉಳಿಸಲಾರದು. ಚೆನ್ನೈನ ಮರೀನಾದಲ್ಲಿ ಒಳಸೆಳೆತದ ಕಾರಣದಿಂದ ಸ್ನಾನವನ್ನು ನಿಷೇಧಿಸಲಾಗಿದೆ. ಅಲ್ಲಿ ಷೂ ತೊಟ್ಟಿದ್ದೇನೆಂಬ ಧೈರ್ಯ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಡಲೂ ಹಾಗೆಯೇ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಬಳಿಕ ದಡದತ್ತ ತಿರುಗಬೇಕು.

ಗಾಯವಾದರೆ ಏನು ಮಾಡಬೇಕು?

ಚಿಪ್ಪು ಅಥವಾ ಗಾಜಿನಿಂದ ಕೊಯ್ದ ಗಾಯವನ್ನು ಶುದ್ಧವಾದ ನೀರು ಮತ್ತು ಸಾಬೂನಿನಿಂದ ತೊಳೆದು, ಮರಳಿನ ಕಣಗಳನ್ನು ಹೋಗಲಾಡಿಸಿ, ಚೊಕ್ಕ ಬಟ್ಟೆಯಿಂದ ಒತ್ತಿಹಿಡಿಯಬೇಕು. ಅರಿಶಿನ, ಕಾಫಿಪುಡಿಗಳನ್ನು ತುಂಬುವ ಅಭ್ಯಾಸ ನಮ್ಮಲ್ಲಿದೆ, ಅದು ಬೇಡ. ಧನುರ್ವಾಯುವಿನ ಚುಚ್ಚುಮದ್ದು ಬೇಕೆ ಎಂದು ವೈದ್ಯರನ್ನು ಕೇಳಬೇಕು.

ತೊರಕೆಯ ವಿಷ ಬಿಸಿಗೆ ಶಕ್ತಿಗುಂದುತ್ತದೆ. ಆದುದರಿಂದ ಗಾಯಗೊಂಡ ಪಾದವನ್ನು ಸಹಿಸಬಹುದಾದಷ್ಟು ಬಿಸಿಯಾದ, ಅಂದರೆ 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ, ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮುಳುಗಿಸಿಡಬೇಕು. ನೀರಿನ ಬಿಸಿಯನ್ನು ಗಾಯವಿಲ್ಲದ ಇನ್ನೊಬ್ಬರು ಕೈಯಿಂದ ನೋಡಬೇಕು. ಮಧುಮೇಹಿಯ ಪಾದ ಬೆಂದರೂ ತಿಳಿಯದೆಂಬುದನ್ನು ಮರೆಯಬಾರದು. ಸೀ ಅರ್ಚಿನ್ ಮುಳ್ಳಿನ ನೋವಿಗೂ ಬಿಸಿನೀರು ಹಿತಕರ; ಆಳಕ್ಕಿಳಿದ ಮುಳ್ಳನ್ನು ಪಿನ್ನಿನಿಂದ ಕೆದಕುವುದು ಸಲ್ಲದು. ಮುಳ್ಳು ಎದೆಗೋ ಹೊಟ್ಟೆಗೋ ನಾಟಿದ್ದರೆ ಅದನ್ನು ಕೀಳದೆ ಹಾಗೆಯೇ ಆಸ್ಪತ್ರೆಗೆ ಸಾಗಿಸಬೇಕು.

ಲೋಳೆಮೀನು ಕುಟುಕಿದಲ್ಲಿ ಉಜ್ಜಬಾರದು, ಸಿಹಿನೀರು ಹಾಕಬಾರದು. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿಕೊಂಡ ಎಳೆಗಳನ್ನು ಕಡ್ಡಿಯಿಂದಲೋ ಕೈಗವಸು ತೊಟ್ಟೋ ತೆಗೆಯಬೇಕು. ಉಸಿರಾಟದ ತೊಂದರೆ, ಎದೆನೋವು, ತಲೆಸುತ್ತು ಕಾಣಿಸಿದರೆ 112ಕ್ಕೆ ಕರೆಮಾಡಿ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಯಾವುದೇ ಗಾಯದ ಸುತ್ತ ಮರುದಿನ ಕೆಂಪು ಹರಡಿದರೆ, ಊತ ಏರಿದರೆ, ಬೊಬ್ಬೆಯೆದ್ದು ಜ್ವರ ಬಂದರೆ, ಅದು ಸಮುದ್ರದ ನೀರು ತಾಕಿದ ಗಾಯವೆಂದು ವೈದ್ಯರಿಗೆ ತಪ್ಪದೆ ಹೇಳಿ. ಚಿಕಿತ್ಸೆಯ ಆಯ್ಕೆಗೆ ಆ ಒಂದು ಮಾತು ಬಹಳ ಸಹಾಯಕ.

ಭಕ್ತಿ ಮತ್ತು ಎಚ್ಚರ

ಕೊನೆಯದಾಗಿ ಒಂದು ಸೂಕ್ಷ್ಮವಾದ ಪ್ರಶ್ನೆ ಉಳಿಯುತ್ತದೆ. ನಮಗೆ ಸಮುದ್ರ ಕೇವಲ ವಿಹಾರದ ತಾಣವಲ್ಲ. ಗೋಕರ್ಣದಲ್ಲಿ, ರಾಮೇಶ್ವರದಲ್ಲಿ ಅದು ತೀರ್ಥ. ಗಣಪತಿಯನ್ನು ಬೀಳ್ಕೊಡುವಾಗ ಕಾಲಿನಲ್ಲಿ ಬೂಟು ಇರುವುದು ಅನೇಕರಿಗೆ ಮುಜುಗರವನ್ನು ಉಂಟುಮಾಡುತ್ತದೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ; ಭಾವನವರಿಗೆ ನಾನು ಕೊಟ್ಟ ಉತ್ತರವೂ ಅದೇ ಭಾವನೆಯಿಂದಲೇ ಬಂದುದು. ಆದರೆ ಕಾಪಾಡೆಂದು ಬೇಡಿಕೊಳ್ಳುವ ದೈವದ ಸನ್ನಿಧಿಯಲ್ಲಿ ದೇಹವನ್ನು ಕಾಪಾಡಿಕೊಳ್ಳುವುದು ಅಗೌರವವೆನಿಸುವುದೆ? ಮನಸ್ಸು ಒಪ್ಪದವರಿಗೆ ಮಧ್ಯಮಾರ್ಗವಿದೆ. ನೀರಿಗೆಂದೇ ಒಂದು ಜೊತೆ ಶುದ್ಧವಾದ ಷೂಗಳನ್ನು ಬೇರೆಯಾಗಿ ಇರಿಸಿಕೊಳ್ಳಬಹುದು. ಬಿಸಿಲೇರುವ ಮುನ್ನ ಸ್ನಾನ ಮುಗಿಸಬಹುದು. ಮೂರ್ತಿಯನ್ನು ನುರಿತ ಸ್ವಯಂಸೇವಕರ ಕೈಗೊಪ್ಪಿಸಿ ದಡದಿಂದಲೇ ಕೈಮುಗಿಯಬಹುದು, ಅಥವಾ ಕೃತಕ ಕೊಳಗಳಲ್ಲಿ ವಿಸರ್ಜಿಸಬಹುದು.

ಪಾದರಕ್ಷೆ ಇದೆಯೆಂದು ಹವಳದ ಮೇಲೆ ನಡೆಯುವುದು ಮಾತ್ರ ಸಲ್ಲದು. ಅಂಡಮಾನಿನಲ್ಲಿ, ಕಛ್ ಕೊಲ್ಲಿಯಲ್ಲಿ, ನಮ್ಮ ನೇತ್ರಾಣಿಯ ಸುತ್ತ ಇರುವ ಹವಳಗಳು ಜೀವಂತ ಪ್ರಾಣಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅವುಗಳಿಗೆ ರಕ್ಷಣೆಯಿದೆ. ನಮ್ಮ ಕಾಲನ್ನು ಕಾಯುವ ಷೂ ಅವುಗಳಿಗೆ ಮೃತ್ಯುವಾಗಬಾರದು.

ನಾವು ಎಸೆಯುವ ಒಂದೊಂದು ಸೀಸೆಯೂ ನಾಳೆ ಯಾರದೋ ಕಾಲಿಗೆ ತಾಗುವ ಗಾಜು ಎಂಬುದನ್ನೂ ನೆನೆಯೋಣ. 2020ರಲ್ಲಿ ಕರ್ನಾಟಕದ ಕಾಸರಕೋಡು ಮತ್ತು ಪಡುಬಿದ್ರಿ ತೀರಗಳು ನೀಲಿ ಧ್ವಜದ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದವು. ಮನಸ್ಸು ಮಾಡಿದರೆ ತೀರವನ್ನು ಚೊಕ್ಕಟವಾಗಿ ಇಡಬಹುದೆಂಬುದಕ್ಕೆ ಅದೇ ಸಾಕ್ಷಿ.

ನನ್ನ ಭಾವನವರು ಈಗಲೂ ಪ್ರತಿ ವರ್ಷ ಗೋಕರ್ಣಕ್ಕೆ ಹೋಗುತ್ತಾರೆ. ಬೆಳಗಿನ ತಂಪಿನಲ್ಲಿ, ಕಪ್ಪು ಬಣ್ಣದ ರಬ್ಬರು ಷೂಗಳನ್ನು ತೊಟ್ಟು, ಸೊಂಟಮಟ್ಟದ ನೀರಿನಲ್ಲಿ ನಿಂತು ಅರ್ಘ್ಯ ಕೊಡುತ್ತಾರೆ. ಕಳೆದ ಬಾರಿ ದಡದಲ್ಲಿ ಬರಿಗಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿ, "ಡಾಕ್ಟರೆ, ನಿಮ್ಮದೆಲ್ಲಿ?" ಎಂದು ಕೇಳಿದರು. ಈ ಬಾರಿ ನಾನೂ ಒಂದು ಜೊತೆ ಕೊಂಡಿದ್ದೇನೆ. ನೀವೂ ಮುಂದಿನ ಪ್ರವಾಸಕ್ಕೆ ಚೀಲ ತುಂಬುವಾಗ ಮನೆಮಂದಿಯ ಪಾದಗಳನ್ನು ಒಮ್ಮೆ ನೆನೆಯಿರಿ ಎಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.